ಒಂದು ಪ್ರಶ್ನೆ, ಎರಡು ಉತ್ತರ: ಸಂಶೋಧನಾ ಲೇಖನಗಳನ್ನು ಹುಡುಕುವ ಮತ್ತು ಓದುವ ಬಗೆ

ಸೊರಬ, ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆಯನ್ನು ಪರಿಚಯಿಸಬೇಕಾಗಿಲ್ಲ. ಚಳಿಗಾಲ ಬಂತೆಂದರೆ ಕಾಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿ ಕೇಳಿಬರುತ್ತದೆ. ದರಗು ಗುಡಿಸಲು, ಸೌದೆ ತರಲು ಹೋದವರಲ್ಲಿ ಯಾರಿಗೋ ಉಣುಗು ಕಚ್ಚಿ ಜ್ವರ ಏರುತ್ತದೆ. ಈ ಕಾಯಿಲೆಗೆ ಮಲೆನಾಡಿನಲ್ಲಿ ಹಲವು ವರ್ಷ ಲಸಿಕೆ ಹಾಕಲಾಯಿತು. ಆ ಲಸಿಕೆ ಎಷ್ಟು ಕೆಲಸ ಮಾಡುತ್ತಿತ್ತು ಎಂದು ಒಬ್ಬ ವಿದ್ಯಾರ್ಥಿಯೋ ಆಶಾ ಕಾರ್ಯಕರ್ತೆಯೋ ತಿಳಿಯಬಯಸಿದರೆ, ದಿನಪತ್ರಿಕೆಯ ವರದಿಗಳನ್ನು ದಾಟಿ ಮೂಲ ಸಂಶೋಧನೆಗೆ ಹೋಗಬೇಕಾಗುತ್ತದೆ. ಅಲ್ಲಿ ಎರಡು ಲೇಖನಗಳು ಎದುರಾಗುತ್ತವೆ. 1994ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂದ, ಕರ್ನಾಟಕದ ಮೂರು ಜಿಲ್ಲೆಗಳ ಅಧ್ಯಯನವು ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇಕಡಾ 93.5 ಎನ್ನುತ್ತದೆ. 2013ರಲ್ಲಿ ಪ್ಲೋಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್ ಎಂಬ ಜರ್ನಲ್‌ನಲ್ಲಿ ಬಂದ ಇನ್ನೊಂದು ಲೇಖನವು ಅದೇ ಎರಡು ಡೋಸ್‌ಗೆ ಶೇಕಡಾ 62.4 ಎಂಬ ಅಂಕಿಯನ್ನು ಕೊಡುತ್ತದೆ. ಎರಡೂ ಗೌರವದ ಜರ್ನಲ್‌ಗಳು, ಎರಡೂ ತಜ್ಞರ ಪರಿಶೀಲನೆಯನ್ನು ದಾಟಿ ಬಂದ ಲೇಖನಗಳು. ಯಾವುದನ್ನು ನಂಬಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಜರ್ನಲ್ ಎಂದರೇನು, ಅದರೊಳಗೆ ಒಂದು ಲೇಖನ ಹೇಗೆ ಬಂದು ಸೇರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಜರ್ನಲ್ ಎಂದರೆ ಸಂಶೋಧನಾ ಲೇಖನಗಳನ್ನು ಪ್ರಕಟಿಸುವ ಪತ್ರಿಕೆ. ಅದರ ಮೂಲ ಇರುವುದು ಪತ್ರವ್ಯವಹಾರದಲ್ಲಿ. ಹದಿನೇಳನೆಯ ಶತಮಾನದ ಯುರೋಪಿನ ವಿದ್ವಾಂಸರು ತಮ್ಮ ಪ್ರಯೋಗದ ಸುದ್ದಿಯನ್ನು ಒಬ್ಬರಿಗೊಬ್ಬರು ಪತ್ರ ಬರೆದು ತಿಳಿಸುತ್ತಿದ್ದರು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ ತನಗೆ ಬಂದ ಇಂಥ ಪತ್ರಗಳನ್ನು ಅಚ್ಚು ಹಾಕಿಸಿ 1665ರ ಮಾರ್ಚ್‌ನಲ್ಲಿ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಎಂಬ ಪತ್ರಿಕೆಯನ್ನು ಆರಂಭಿಸಿದನು. ಅದೇ ವರ್ಷದ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿಯೂ ಇಂಥದೊಂದು ಪತ್ರಿಕೆ ಹೊರಟಿತ್ತು. ಯಾರು ಯಾವುದನ್ನು ಮೊದಲು ಕಂಡರು ಎಂಬುದು ಇದರಿಂದ ದಾಖಲಾಯಿತು, ಒಬ್ಬರ ಮಾತನ್ನು ಇನ್ನೊಬ್ಬರು ಸಾರ್ವಜನಿಕವಾಗಿ ಪ್ರಶ್ನಿಸುವುದು ಸಾಧ್ಯವಾಯಿತು. ಇಂದಿಗೂ ಪ್ರತಿಯೊಂದು ಸಂಶೋಧನಾ ಲೇಖನ ಹಿಂದಿನವರಿಗೆ ಬರೆದ ಉತ್ತರದಂತೆಯೂ ಮುಂದಿನವರಿಗೆ ಬರೆದ ಪತ್ರದಂತೆಯೂ ಇರುತ್ತದೆ. ಲೇಖನದ ಕೊನೆಯಲ್ಲಿ ಉದ್ದನೆಯ ಉಲ್ಲೇಖಪಟ್ಟಿ ಇರುವುದು ಈ ಕಾರಣಕ್ಕಾಗಿಯೇ.

ನಮ್ಮ ಬೆಂಗಳೂರು ಈ ಚರಿತ್ರೆಯಲ್ಲಿ ಸಣ್ಣ ಊರೇನಲ್ಲ. ಕರೆಂಟ್ ಸೈನ್ಸ್ ಪತ್ರಿಕೆ ಇಲ್ಲಿಂದ 1932ರಲ್ಲಿ ಹೊರಟಿತು. ಸಿ.ವಿ. ರಾಮನ್ ಅವರು 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಇಲ್ಲಿಯೇ ಸ್ಥಾಪಿಸಿ, ಅದರ ಪ್ರೊಸೀಡಿಂಗ್ಸ್ ಎಂಬ ಜರ್ನಲ್ ಅನ್ನು ಅದೇ ವರ್ಷ ಆರಂಭಿಸಿದರು. ಭಾರತದಲ್ಲಿ ನಡೆದ ಒಳ್ಳೆಯ ಕೆಲಸ ಭಾರತದ ಪತ್ರಿಕೆಯಲ್ಲಿಯೇ ಅಚ್ಚಾಗಬೇಕೆಂಬುದು ಅವರ ದೃಢವಾದ ನಿಲುವಾಗಿತ್ತು. ಶಬ್ದದ ಅಲೆಗಳು ಹಾಯುವ ದ್ರವದಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬುದನ್ನು ಕುರಿತು ನಾಗೇಂದ್ರನಾಥರೊಡನೆ ಅವರು 1935-36ರಲ್ಲಿ ಬರೆದ ಲೇಖನಮಾಲೆ ಪ್ರಕಟವಾದದ್ದು ಆ ಪ್ರೊಸೀಡಿಂಗ್ಸ್‌ನಲ್ಲಿಯೇ. ರಾಮನ್-ನಾಥ್ ಸಿದ್ಧಾಂತವೆಂದು ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಆ ಪುಟಗಳನ್ನು ಅಕಾಡೆಮಿಯ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ವಿಜ್ಞಾನದ ವಿದ್ಯಾರ್ಥಿಗಳು ಒಮ್ಮೆಯಾದರೂ ಅವನ್ನು ತೆರೆದು ನೋಡಬೇಕೆಂದು ನನ್ನ ಆಸೆ.

ಲೇಖನವೊಂದು ಜರ್ನಲ್‌ಗೆ ಬಂದಾಗ ಸಂಪಾದಕರು ಮೊದಲು ಅದು ತಮ್ಮ ಪತ್ರಿಕೆಗೆ ಹೊಂದುವುದೇ ಎಂದು ನೋಡುತ್ತಾರೆ. ಹೊಂದಿದರೆ ಅದೇ ವಿಷಯದಲ್ಲಿ ಕೆಲಸ ಮಾಡಿರುವ ಇಬ್ಬರು ಮೂವರು ತಜ್ಞರಿಗೆ ಕಳುಹಿಸುತ್ತಾರೆ. ಪೀರ್ ರಿವ್ಯೂ ಎಂದು ಕರೆಯುವುದು ಇದನ್ನೇ. ತಜ್ಞರು ವಿಧಾನ ಸರಿಯಿದೆಯೇ, ಅಂಕಿಗಳಿಂದ ತೀರ್ಮಾನ ನಿಜಕ್ಕೂ ಹೊರಡುತ್ತದೆಯೇ, ಹಿಂದಿನ ಕೆಲಸವನ್ನು ಲೇಖಕರು ಓದಿದ್ದಾರೆಯೇ ಎಂದು ಪರಿಶೀಲಿಸಿ ಪ್ರಶ್ನೆಗಳನ್ನು ಬರೆಯುತ್ತಾರೆ. ಲೇಖಕರು ತಿದ್ದಿ ಮರಳಿ ಕಳುಹಿಸುತ್ತಾರೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆಯುತ್ತದೆ. ಆದರೆ ಪರಿಶೀಲಕರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ, ಮೂಲ ದತ್ತಾಂಶವನ್ನು ಬಹುಪಾಲು ನೋಡುವುದೂ ಇಲ್ಲ. ಆದ್ದರಿಂದ ದೊಡ್ಡ ಜರ್ನಲ್‌ನಲ್ಲಿಯೂ ಕೆಟ್ಟ ಲೇಖನ ನುಸುಳಬಹುದು. ಮಕ್ಕಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನ ಬಂದದ್ದು ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ಜರ್ನಲ್‌ನಲ್ಲಿ, ಪತ್ರಿಕೆ ಅದನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ. ಕೋವಿಡ್ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧ ಕುರಿತು ಅದೇ ಪತ್ರಿಕೆಯಲ್ಲಿ 2020ರ ಮೇ 22ರಂದು ಪ್ರಕಟವಾದ ಲೇಖನವನ್ನು, ಅದರ ದತ್ತಾಂಶವನ್ನು ಯಾರೂ ಪರೀಕ್ಷಿಸಲಾಗದೆಂದು ತಿಳಿದಾಗ, ಜೂನ್ 4ರಂದು ಹಿಂತೆಗೆಯಲಾಯಿತು. ಮೊದಲಿನದಕ್ಕೆ ಹನ್ನೆರಡು ವರ್ಷ, ಎರಡನೆಯದಕ್ಕೆ ಎರಡು ವಾರ. ಹಿಂತೆಗೆದ ಲೇಖನದ ಪುಟದ ಮೇಲೆ ಹಾಗೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಬೇರೆ ಕಡೆ ಇಳಿಸಿಟ್ಟ ಹಳೆಯ ಪ್ರತಿಯಲ್ಲಿ ಆ ಸೂಚನೆ ಇರುವುದಿಲ್ಲ, ಆದ್ದರಿಂದ ಉಲ್ಲೇಖಿಸುವ ಮೊದಲು ಜರ್ನಲ್‌ನ ಮೂಲ ಪುಟವನ್ನು ಒಮ್ಮೆ ತೆರೆಯುವುದು ಅಗತ್ಯ.

ಜರ್ನಲ್‌ನಲ್ಲಿ ಅಚ್ಚಾದದ್ದೆಲ್ಲ ಹೊಸ ಸಂಶೋಧನೆಯೂ ಅಲ್ಲ. ಸಂಪಾದಕೀಯ, ಓದುಗರ ಪತ್ರ, ಒಬ್ಬ ರೋಗಿಯ ವೃತ್ತಾಂತ, ಪುಸ್ತಕ ವಿಮರ್ಶೆ ಇವೂ ಇರುತ್ತವೆ, ಇವುಗಳ ತೂಕ ಬೇರೆ. ಹೊಸಬರಿಗೆ ಹೆಚ್ಚು ಉಪಯೋಗವಾಗುವುದು ಸಮೀಕ್ಷಾ ಲೇಖನ, ಅಂದರೆ ಒಂದು ವಿಷಯದಲ್ಲಿ ಅಲ್ಲಿಯವರೆಗೆ ಬಂದ ಕೆಲಸವನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಬರಹ. ಭೌತಶಾಸ್ತ್ರ, ಗಣಿತದವರು 1991ರಿಂದ ಆರ್ಕೈವ್ ಎಂಬ ತಾಣದಲ್ಲಿ ಪರಿಶೀಲನೆಗೆ ಮುನ್ನವೇ ಹಾಕುವ ಕರಡು ಲೇಖನಗಳಿಗೆ ಪ್ರೀಪ್ರಿಂಟ್ ಎಂದು ಹೆಸರು; ಅವು ಬೇಗ ಸಿಗುತ್ತವೆ, ಆದರೆ ಪತ್ರಿಕೆಯ ತಜ್ಞರು ಅವನ್ನು ಇನ್ನೂ ನೋಡಿರುವುದಿಲ್ಲ ಎಂಬುದು ನೆನಪಿರಬೇಕು.

ಈಗ ಹುಡುಕಾಟಕ್ಕೆ ಬರೋಣ. ಇಲ್ಲಿ ಬಹಳ ಮಂದಿ ಎಡವುವುದು ತಂತ್ರಜ್ಞಾನದಲ್ಲಿ ಅಲ್ಲ, ಪದಗಳಲ್ಲಿ. ಮಂಗನ ಕಾಯಿಲೆಯನ್ನೇ ನೋಡಿ. ಇಂಗ್ಲಿಷಿನಲ್ಲಿ ಮಂಕಿ ಫೀವರ್ ಎಂದು ಹುಡುಕಿದರೆ ಸುದ್ದಿಗಳೇ ಮೇಲೆ ಬರುತ್ತವೆ, ಮಂಕಿಪಾಕ್ಸ್ ಕೂಡ ಬೆರೆತುಕೊಳ್ಳುತ್ತದೆ. ಸಂಶೋಧಕರು ಬಳಸುವ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್ (Kyasanur Forest Disease). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ವೈರಸ್ಸನ್ನು ಬೇರ್ಪಡಿಸಿ ಆ ಕಾಡಿನ ಹೆಸರನ್ನೇ ಇಟ್ಟಿತು. ಅದರ ಸಂಕ್ಷೇಪ ಕೆಎಫ್‌ಡಿ. ಆದರೆ ಬರಿಯ ಕೆಎಫ್‌ಡಿ ಎಂದು ಹುಡುಕಿದವರಿಗೆ ಕರ್ನಾಟಕ ಅರಣ್ಯ ಇಲಾಖೆಯ ಕಾಗದಗಳೂ ಸಿಗುತ್ತವೆ, ಏಕೆಂದರೆ ಆ ಇಲಾಖೆಯ ಇಂಗ್ಲಿಷ್ ಸಂಕ್ಷೇಪವೂ ಅದೇ. ಎರಡೂ ಕಾಡಿಗೆ ಸಂಬಂಧಿಸಿದ್ದರಿಂದ ಬೇರ್ಪಡಿಸುವುದು ಇನ್ನೂ ಕಷ್ಟ. ಹೀಗಾಗಿ ಹುಡುಕುವ ಮುನ್ನ ಹಾಳೆಯೊಂದರ ಮೇಲೆ ಪ್ರಶ್ನೆಯನ್ನು ಪೂರ್ಣ ವಾಕ್ಯವಾಗಿ ಬರೆದು, ಅದರಲ್ಲಿನ ಮುಖ್ಯ ಪರಿಕಲ್ಪನೆಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಸಂಶೋಧಕರು ಬಳಸಬಹುದಾದ ಎಲ್ಲ ಹೆಸರುಗಳನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ನಮ್ಮ ಪ್ರಶ್ನೆಯಲ್ಲಿ ಪರಿಕಲ್ಪನೆ ಮೂರು: ಕಾಯಿಲೆ, ಲಸಿಕೆ, ಪರಿಣಾಮ. ಲಸಿಕೆಗೆ ವ್ಯಾಕ್ಸಿನ್, ವ್ಯಾಕ್ಸಿನೇಷನ್, ಇಮ್ಯುನೈಸೇಷನ್ ಎಂಬ ಮೂರು ರೂಪಗಳಿವೆ. ಪರಿಣಾಮಕ್ಕೆ ಎಫೆಕ್ಟಿವ್‌ನೆಸ್, ಎಫಿಕಸಿ ಎಂಬ ಎರಡು ಪದಗಳಿದ್ದು, ಪ್ರಯೋಗದ ಕಟ್ಟುನಿಟ್ಟಿನ ಪರಿಸ್ಥಿತಿಯಲ್ಲಿ ಅಳೆದದ್ದನ್ನು ಎಫಿಕಸಿ ಎಂದೂ ಊರಿನಲ್ಲಿ ನಿಜವಾಗಿ ಹಂಚಿದಾಗ ಕಂಡದ್ದನ್ನು ಎಫೆಕ್ಟಿವ್‌ನೆಸ್ ಎಂದೂ ತಜ್ಞರು ಬೇರ್ಪಡಿಸುತ್ತಾರೆ.

ಈ ಪದಗಳನ್ನು ಜೋಡಿಸುವುದಕ್ಕೆ ಆ್ಯಂಡ್ (AND), ಆರ್ (OR) ಎಂಬ ಎರಡು ಕೊಂಡಿಗಳು ಸಾಕು. ಸಮಾನಾರ್ಥಕಗಳ ನಡುವೆ ಆರ್ ಹಾಕಿ ಆವರಣದಲ್ಲಿ ಕೂಡಿಸಬೇಕು, ಬೇರೆ ಬೇರೆ ಪರಿಕಲ್ಪನೆಗಳ ನಡುವೆ ಆ್ಯಂಡ್ ಹಾಕಬೇಕು, ಎರಡನ್ನೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಕಾಯಿಲೆಯ ಹೆಸರಿನಂತೆ ಹಲವು ಪದಗಳು ಸೇರಿ ಒಂದಾಗಿರುವಲ್ಲಿ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಪದಗಳು ಬಿಡಿಬಿಡಿಯಾಗಿ ಇರುವ ಲೇಖನಗಳು ಬದಿಗೆ ಸರಿಯುತ್ತವೆ. ನಾಟ್ (NOT) ಎಂಬ ಮೂರನೆಯ ಕೊಂಡಿಯನ್ನು ಹೊಸಬರು ಮುಟ್ಟದಿರುವುದೇ ಒಳ್ಳೆಯದು. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಸ್ ಕ್ಯಾಸನೂರು ವೈರಸ್ಸಿನ ಹತ್ತಿರದ ಸಂಬಂಧಿ. ಅದನ್ನು ಬೇಡವೆಂದು ನಾಟ್ ಹಾಕಿ ತೆಗೆದರೆ, ಎರಡನ್ನೂ ಹೋಲಿಸಿ ಬರೆದ ಅತ್ಯಂತ ಉಪಯುಕ್ತ ಲೇಖನಗಳೇ ಕಣ್ಮರೆಯಾಗುತ್ತವೆ.

ಎಲ್ಲಿ ಹುಡುಕಬೇಕೆಂಬುದು ವಿಷಯವನ್ನು ಅವಲಂಬಿಸಿದೆ. ವೈದ್ಯಕೀಯಕ್ಕೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್ ಉಚಿತವಾಗಿಯೂ ಶಿಸ್ತಾಗಿಯೂ ಇದೆ. ಅದರಲ್ಲಿ ಲೇಖನಗಳಿಗೆ ವಿಷಯದ ಶೀರ್ಷಿಕೆಗಳನ್ನು ಕೊಡುವ ಮೆಶ್ ಎಂಬ ಪದಕೋಶದ ವ್ಯವಸ್ಥೆಯಿದೆ; ಲೇಖಕರು ಯಾವ ಪದ ಬಳಸಿದ್ದರೂ ಕ್ಯಾಸನೂರು ಕಾಯಿಲೆಯ ಬರಹಗಳನ್ನು ಆ ಒಂದೇ ಶೀರ್ಷಿಕೆ ಒಟ್ಟುಗೂಡಿಸುತ್ತದೆ. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ಇದಕ್ಕೆ ವಿರುದ್ಧ ಸ್ವಭಾವದ್ದು. ಅದು ಎಲ್ಲ ವಿಷಯಗಳನ್ನೂ ವಿಶಾಲವಾಗಿ ಬಾಚಿ ತರುತ್ತದೆ, ಪ್ರಬಂಧ, ಪುಸ್ತಕ, ವರದಿ ಎಲ್ಲವನ್ನೂ ಬೆರೆಸುತ್ತದೆ, ಯಾವ ಜರ್ನಲ್ ಒಳ್ಳೆಯದು ಯಾವುದು ಕಳಪೆ ಎಂದು ವಿಂಗಡಿಸುವುದಿಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಇವು ಆಯ್ದ ಜರ್ನಲ್‌ಗಳ ಸೂಚಿಗಳು, ಇವುಗಳ ಪೂರ್ಣ ಬಳಕೆಗೆ ಸಂಸ್ಥೆಯ ಚಂದಾ ಬೇಕು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ಕಟ್ಟಿರುವ ಶೋಧಗಂಗಾ ಎಂಬ ತಾಣ ಇದೆ. ಪ್ರಬಂಧಗಳ ಎರಡನೆಯ ಅಧ್ಯಾಯದಲ್ಲಿ ಸಾಮಾನ್ಯವಾಗಿ ಇರುವ ಪೂರ್ವಸಾಹಿತ್ಯ ಸಮೀಕ್ಷೆಯಲ್ಲಿ, ಬೇರೆಲ್ಲೂ ಸಿಗದ ಹಳೆಯ ಭಾರತೀಯ ಲೇಖನಗಳ ಸುಳಿವು ದೊರೆಯುವುದುಂಟು.

ಒಂದು ಒಳ್ಳೆಯ ಲೇಖನ ಸಿಕ್ಕ ಮೇಲೆ ಹುಡುಕಾಟದ ಪೆಟ್ಟಿಗೆಯನ್ನು ಬಿಟ್ಟು ಆ ಲೇಖನವನ್ನೇ ಹಿಡಿದು ನಡೆಯಬೇಕು. ಅನುಭವಿಗಳು ಮಾಡುವುದು ಇದನ್ನೇ. ಅದರ ಉಲ್ಲೇಖಪಟ್ಟಿಯ ಮೂಲಕ ಹಿಂದಕ್ಕೆ ಹೋದರೆ 2013ರ ಲೇಖನದಿಂದ 1994ರದಕ್ಕೂ ಅಲ್ಲಿಂದ 1957ರ ಮೊದಲ ವರದಿಗಳವರೆಗೂ ತಲುಪಬಹುದು. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿರುವ ಸೈಟೆಡ್ ಬೈ ಎಂಬ ಕೊಂಡಿಯನ್ನು ಒತ್ತಿದರೆ ಮುಂದಕ್ಕೆ, ಅಂದರೆ ಅದನ್ನು ಉಲ್ಲೇಖಿಸಿ ನಂತರ ಬರೆದವರೆಡೆಗೆ ಹೋಗಬಹುದು. ಈ ಮುಂದಿನ ದಾರಿಯನ್ನು ವ್ಯವಸ್ಥಿತವಾಗಿ ತೆರೆದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್; ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ 1964ರಲ್ಲಿ ಬಂತು. ಮುಂದಿನವರು ಏನೆಂದರು ಎಂದು ನೋಡದೆ 1994ರ ಲೇಖನವೊಂದನ್ನೇ ಓದಿದವರು ಈ ಲಸಿಕೆ ಈಗಲೂ ಶೇಕಡಾ ತೊಂಬತ್ತಕ್ಕೂ ಹೆಚ್ಚು ರಕ್ಷಣೆ ಕೊಡುತ್ತಿದೆ ಎಂದೇ ನಂಬುತ್ತಿದ್ದರು. ನಂತರದ ವರ್ಷಗಳಲ್ಲಿ ಅದರ ಸಾಮರ್ಥ್ಯದ ಬಗ್ಗೆ ಪ್ರಶ್ನೆಗಳೆದ್ದು ಆ ಲಸಿಕೆಯ ಬಳಕೆಯೇ ನಿಂತಿತು.

ಓದುವಾಗ ಸಾರಲೇಖದಿಂದ, ಅಂದರೆ ಲೇಖನದ ಆರಂಭದಲ್ಲಿರುವ ಸಂಕ್ಷೇಪದಿಂದ (ಅಬ್‌ಸ್ಟ್ರಾಕ್ಟ್) ಆರಂಭಿಸಿ ಅಲ್ಲಿಯೇ ನಿಲ್ಲುವ ಅಭ್ಯಾಸವನ್ನು ನಾನು ಬಹಳ ಕಂಡಿದ್ದೇನೆ, ಅದು ಅಪಾಯಕಾರಿ. 2013ರ ಲೇಖನದಲ್ಲಿ 2005ರಿಂದ 2010ರವರೆಗೆ ಪ್ರಯೋಗಾಲಯದಲ್ಲಿ ದೃಢಪಟ್ಟ 168 ಪ್ರಕರಣಗಳ ಲೆಕ್ಕವಿದೆ, ಅವರಲ್ಲಿ 134 ಮಂದಿ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಕಾಯಿಲೆ ಬಂದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಲಸಿಕೆ ಇಲ್ಲದವರು, ಆದ್ದರಿಂದ ಲಸಿಕೆ ಚೆನ್ನಾಗಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಊರಿನಲ್ಲಿಯೇ ನೂರಕ್ಕೆ ಎಂಬತ್ತು ಮಂದಿ ಲಸಿಕೆ ಹಾಕಿಸಿಕೊಂಡಿರದಿದ್ದರೆ? ಆಗ ಲಸಿಕೆ ಬರೀ ನೀರಾಗಿದ್ದರೂ ರೋಗಿಗಳಲ್ಲಿ ಎಂಬತ್ತು ಮಂದಿ ಲಸಿಕೆ ಇಲ್ಲದವರೇ ಆಗಿರುತ್ತಿದ್ದರು. ಹೀಗಾಗಿ ಒಟ್ಟು ಜನರಲ್ಲಿ ಎಷ್ಟು ಮಂದಿಗೆ ಲಸಿಕೆ ಸಿಕ್ಕಿತ್ತು ಎಂಬ ಛೇದ ತಿಳಿಯದೆ ಈ ಅಂಕಿಗೆ ಅರ್ಥವಿಲ್ಲ, ಆ ಛೇದವನ್ನು ಲೇಖಕರು ಹೇಗೆ ಪಡೆದರು ಎಂಬುದು ಇರುವುದು ವಿಧಾನದ ಭಾಗದಲ್ಲಿ. ಅಲ್ಲದೆ ಶೇಕಡಾ 62.4 ಎಂಬ ಅಂಕಿಯ ಪಕ್ಕದಲ್ಲಿ 26.1ರಿಂದ 80.8 ಎಂಬ ವ್ಯಾಪ್ತಿಯನ್ನೂ ಕೊಟ್ಟಿದ್ದಾರೆ. ಅಂದರೆ ಸಿಕ್ಕ ದತ್ತಾಂಶಕ್ಕೆ ಇಪ್ಪತ್ತಾರರಷ್ಟು ದುರ್ಬಲವಾದ ಲಸಿಕೆಯೂ ಹೊಂದುತ್ತದೆ, ಎಂಬತ್ತರಷ್ಟು ಬಲವಾದದ್ದೂ ಹೊಂದುತ್ತದೆ. ಎರಡು ಡೋಸ್‌ನ ಮೇಲೆ ಬೂಸ್ಟರ್ ಪಡೆದವರಲ್ಲಿ ಪರಿಣಾಮ 82.9, ವ್ಯಾಪ್ತಿ 71.3ರಿಂದ 89.8; ಇಲ್ಲಿ ಅಂಕಿ ದೊಡ್ಡದಾದದ್ದಷ್ಟೇ ಅಲ್ಲ, ವ್ಯಾಪ್ತಿಯೂ ಬಿಗಿಯಾಗಿದೆ. ಹೀಗೆ ಓದಿದಾಗ ಮೊದಲಿನ ಎರಡು ಉತ್ತರಗಳ ಜಗಳ ಬೇರೆ ರೂಪ ತಾಳುತ್ತದೆ: ಎರಡರ ಕಾಲ ಬೇರೆ, ಜನರನ್ನು ಲೆಕ್ಕ ಹಿಡಿದ ಬಗೆ ಬೇರೆ. ಯಾವುದು ಸುಳ್ಳು ಎಂದು ಕೇಳುವ ಬದಲು ಈ ನಡುವೆ ಏನು ಬದಲಾಯಿತು ಎಂದು ಕೇಳಲು ಸಾಧ್ಯವಾಗುತ್ತದೆ.

ಪೂರ್ಣ ಪಠ್ಯಕ್ಕೆ ದುಡ್ಡು ಕೇಳುವ ಗೋಡೆ ಎದುರಾದಾಗ ಹಿಂತಿರುಗಬೇಕಾಗಿಲ್ಲ. ನಾವು ನೋಡುತ್ತಿರುವ ಎರಡು ಜರ್ನಲ್‌ಗಳೂ ಈಗ ಮುಕ್ತ, ಅಂದರೆ ದುಡ್ಡು ಕೊಡದೆ ಓದಬಹುದಾದವು; ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಈ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುತ್ತವೆ. ರಾಜ್ಯದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಮ್ಮ ಗ್ರಂಥಪಾಲಕರನ್ನು ಕೇಳಿ ಪ್ರವೇಶದ ಕ್ರಮವನ್ನು ತಿಳಿದುಕೊಳ್ಳಬೇಕು. ಖಾಸಗಿ ಕಾಲೇಜುಗಳನ್ನು ಇದರ ಹೊರಗಿಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ಹೊರಗಿರುವವರು ಲೇಖನದ ಮೊದಲ ಪುಟದಲ್ಲಿರುವ ಲೇಖಕರ ಇಮೇಲ್ ವಿಳಾಸಕ್ಕೆ ಎರಡು ಸಾಲು ಬರೆಯಬಹುದು. ತಮ್ಮ ಕೆಲಸವನ್ನು ಓದಬಯಸುವವರಿಗೆ ಲೇಖಕರು ಬಹುಪಾಲು ಸಂತೋಷದಿಂದ ಪ್ರತಿ ಕಳುಹಿಸುತ್ತಾರೆ.

ದುಡ್ಡು ಬೇರೆ ರೀತಿಯಲ್ಲಿ ಕೆಲಸ ಮಾಡುವ ಇನ್ನೊಂದು ಲೋಕವೂ ಇದೆ. ಮೂರು ದಿನದಲ್ಲಿ ಪ್ರಕಟಣೆ ಎಂದು ಭರವಸೆ ಕೊಟ್ಟು, ಶುಲ್ಕ ತೆಗೆದುಕೊಂಡು, ಯಾವ ಪರಿಶೀಲನೆಯೂ ಇಲ್ಲದೆ ಏನನ್ನು ಬೇಕಾದರೂ ಹಾಕುವ ನಕಲಿ ಜರ್ನಲ್‌ಗಳು ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಂದ ಸಾವಿರಾರು ರೂಪಾಯಿ ಕಸಿದಿವೆ. ಪ್ರಬಂಧ ಸಲ್ಲಿಸಲು ಲೇಖನ ಪ್ರಕಟಿಸಲೇಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಕೈಬಿಟ್ಟರೂ ಆ ಒತ್ತಡ ಪೂರ್ತಿ ಇಳಿದಿಲ್ಲ. ಒಳ್ಳೆಯ ಜರ್ನಲ್‌ಗಳ ಪಟ್ಟಿಯಾಗಿದ್ದ ಯುಜಿಸಿ-ಕೇರ್ ಅನ್ನು 2025ರಲ್ಲಿ ನಿಲ್ಲಿಸಿರುವುದರಿಂದ ತೂಗಿ ನೋಡುವ ಹೊಣೆ ಈಗ ಸಂಸ್ಥೆಗಳ ಮೇಲೂ ಓದುಗರ ಮೇಲೂ ಬಿದ್ದಿದೆ. ಎಂಟು ಅಂಕಿಗಳ ಐಎಸ್‌ಎಸ್‌ಎನ್ ಇದೆ ಎಂಬುದು ಗುಣಮಟ್ಟದ ಗುರುತಲ್ಲ. ಅದು ಪತ್ರಿಕೆಯನ್ನು ಗುರುತಿಸುವ ನೋಂದಣಿ ಸಂಖ್ಯೆ ಮಾತ್ರ. ಜರ್ನಲ್ ತನ್ನ ಪುಟದಲ್ಲಿ ತಾನು ಸ್ಕೋಪಸ್‌ನಲ್ಲಿದ್ದೇನೆ ಎಂದು ಮುದ್ರೆ ಹಾಕಿಕೊಂಡರೆ ನಂಬಬಾರದು, ಸ್ಕೋಪಸ್‌ನ ಸ್ವಂತ ಪಟ್ಟಿಯಲ್ಲಿ ಹೆಸರನ್ನೂ ಐಎಸ್‌ಎಸ್‌ಎನ್ ಸಂಖ್ಯೆಯನ್ನೂ ಹುಡುಕಿ ನೋಡಬೇಕು. ಪ್ರಸಿದ್ಧ ಜರ್ನಲ್‌ನ ಹೆಸರನ್ನೇ ಕದ್ದು ತಾಣ ಕಟ್ಟುವವರೂ ಇದ್ದಾರೆ. ಮುಕ್ತ ಜರ್ನಲ್‌ಗಳಿಗೆ 2003ರಿಂದ ಇರುವ ಡಿಒಎಜೆ ಎಂಬ ಸೂಚಿಯನ್ನು ನೋಡಬಹುದು. ಎಲ್ಲಕ್ಕಿಂತ ಮೇಲಾದ ಪರೀಕ್ಷೆ ಎಂದರೆ ಆ ಪತ್ರಿಕೆಯ ಹಿಂದಿನ ಮೂರು ಲೇಖನಗಳನ್ನು ಕುಳಿತು ಓದುವುದು.

ಕನ್ನಡದಲ್ಲಿ ಬಂದ ಸಂಶೋಧನೆಯನ್ನು ಹುಡುಕುವವರಿಗೆ ಮೇಲೆ ಹೇಳಿದ ಉಪಾಯಗಳಲ್ಲಿ ಅರ್ಧದಷ್ಟು ಕೈಕೊಡುತ್ತವೆ, ಇದು ನನಗೆ ಬಹಳ ದುಃಖದ ಸಂಗತಿ. ಹಳಗನ್ನಡ ಶಾಸನಗಳ ಬಗ್ಗೆ ಬ್ರಿಟಿಷ್ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರು ಇಂಗ್ಲಿಷಿನಲ್ಲಿ ಬರೆದ ಲೇಖನಗಳು 1872ರಲ್ಲಿ ಆರಂಭವಾದ ಇಂಡಿಯನ್ ಆ್ಯಂಟಿಕ್ವರಿಯಲ್ಲಿ ಇದ್ದು, ಸ್ಕ್ಯಾನ್ ಆದ ಸಂಪುಟಗಳಲ್ಲಿ ಕ್ಷಣದಲ್ಲಿ ಸಿಗುತ್ತವೆ. ಅದೇ ಶಾಸನಗಳನ್ನು ಕುರಿತು ನಮ್ಮ ವಿದ್ವಾಂಸರು ಕನ್ನಡದಲ್ಲಿ ಬರೆದದ್ದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಪಿಡಿಎಫ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ, ಒಳಗೆ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆ ಪುಟವನ್ನು ಯಾವ ಹುಡುಕುಯಂತ್ರವೂ ಕನ್ನಡ ಪದ ಕೊಟ್ಟು ಹಿಡಿಯಲಾರದು. ಒಂದು ಸಾಲನ್ನು ನಕಲಿಸಿ ಬೇರೆ ಕಡೆ ಅಂಟಿಸಿ ನೋಡಿದರೆ ಈ ತೊಂದರೆ ಇದೆಯೋ ಇಲ್ಲವೋ ತಿಳಿಯುತ್ತದೆ. ಇದ್ದರೆ ಪರಿವರ್ತಕ ತಂತ್ರಾಂಶಗಳಿಂದ ಆ ಪಠ್ಯವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬಹುದು. ಈಗ ಬರೆಯುವವರು ತಮ್ಮ ಲೇಖನವನ್ನು ಯೂನಿಕೋಡಿನಲ್ಲಿಯೇ ಕೊಡಬೇಕೆಂದು ಪ್ರತಿಯೊಬ್ಬ ಸಂಪಾದಕರೂ ಒತ್ತಾಯಿಸಬೇಕು.

ಹೆಸರುಗಳ ಕಾಗುಣಿತ ಮತ್ತೊಂದು ತೊಡಕು. ಪಂಪನ ಬಗ್ಗೆ ಹುಡುಕುವವರು ಕನ್ನಡದಲ್ಲಿಯೂ, ಇಂಗ್ಲಿಷಿನಲ್ಲಿ ಒಂದೆರಡು ಬಗೆಯ ಕಾಗುಣಿತದಲ್ಲಿಯೂ, ದೀರ್ಘಾಕ್ಷರದ ಮೇಲೆ ಗೆರೆ ಎಳೆಯುವ ವಿದ್ವತ್ ಲಿಪ್ಯಂತರದಲ್ಲಿಯೂ ಪ್ರತ್ಯೇಕವಾಗಿ ಹುಡುಕಬೇಕಾಗುತ್ತದೆ, ಕೃತಿಗಳ ಹೆಸರುಗಳನ್ನೂ ಸೇರಿಸಬೇಕಾಗುತ್ತದೆ. ಪ್ರಬುದ್ಧ ಕರ್ನಾಟಕ, ಸಾಹಿತ್ಯ ಪರಿಷತ್ಪತ್ರಿಕೆ, ಮಿಥಿಕ್ ಸೊಸೈಟಿಯ ತ್ರೈಮಾಸಿಕ ಇವುಗಳ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಸಿಕ್ಕರೂ ಅನೇಕ ವೇಳೆ ಅವು ಪುಟದ ಚಿತ್ರ ಮಾತ್ರ, ಒಳಗೆ ಹುಡುಕಲು ಬರುವುದಿಲ್ಲ. ಅಂಥಲ್ಲಿ ಸಂಪುಟದ ವಿಷಯಸೂಚಿಯ ಪುಟವನ್ನು ತೆರೆದು, ಲೇಖನಗಳ ಹೆಸರನ್ನು ಒಂದೊಂದಾಗಿ ಬೆರಳಿಟ್ಟು ಓದಿ, ಬೇಕಾದದ್ದರ ಸಂಪುಟ, ಸಂಚಿಕೆ, ಪುಟಸಂಖ್ಯೆಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ಸಂಪುಟಕ್ಕೆ ಕೈಹಾಕಬೇಕು.